ಮಂಡಿಯ ಮೇಲೆ ಐಸ್, ತೊಡೆಯಲ್ಲಿ ಉತ್ತರ

2024ರ ಕೊಡವ ಕೌಟುಂಬಿಕ ಹಾಕಿಯ ಸಮಯದಲ್ಲಿ ಕೊಡಗಿನ ನಾಪೋಕ್ಲುವಿನ ಮೈದಾನದಂಚಿನಲ್ಲಿ ಕುಳಿತಿದ್ದೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು 60 ಒಕ್ಕಗಳನ್ನು, ಅಂದರೆ ಕೊಡವ ಮನೆತನಗಳನ್ನು, ಸೇರಿಸಿ ಆರಂಭಿಸಿದ ಈ ಹಬ್ಬಕ್ಕೆ ಆ ವರ್ಷ 360 ಒಕ್ಕಗಳು ಬಂದಿದ್ದವು. ಚೆಂಡು ಬಡಿದು ಮಂಡಿ ಊದಿಸಿಕೊಂಡ ಹುಡುಗನೊಬ್ಬ ಕುಂಟುತ್ತ ಹೊರಬಂದ. ಯಾರೋ ಕೂಲ್‌ಡ್ರಿಂಕ್ಸ್ ಪೆಟ್ಟಿಗೆಯ ಐಸನ್ನು ಟವೆಲಿನಲ್ಲಿ ಸುತ್ತಿ ಒತ್ತಿದರು. ಪಕ್ಕದಲ್ಲಿದ್ದ ಹಿರಿಯರೊಬ್ಬರು ತಡೆಯಲಾರದೆ ಗದರಿದರು: "ತಂಡಿ ಹೊಕ್ಕರೆ ಕೀಲು ಹಿಡಿದುಕೊಳ್ಳುತ್ತದೆ, ಬಿಸಿನೀರು ಹಾಕಿ." ಜಡಿಮಳೆಯ ತಿಂಗಳುಗಳನ್ನು ಒಲೆಯ ಮುಂದೆ ಕಳೆದವರು ಹಾಗಲ್ಲದೆ ಹೇಗೆ ಹೇಳಿಯಾರು?

ಐಸ್ ನಮಗೆ ಹೊಸಬ. 1842ರಲ್ಲಿ ಮದ್ರಾಸಿನ ಕಡಲತೀರದಲ್ಲಿ ಕಟ್ಟಿದ ಐಸ್ ಹೌಸ್‌ನಲ್ಲಿ ಇರಿಸುತ್ತಿದ್ದುದು ಅಮೆರಿಕದ ಕೆರೆಗಳಿಂದ ಕೊಯ್ದು ಹಡಗಿನಲ್ಲಿ ತಂದ ಮಂಜುಗಡ್ಡೆ. ಆಟಗಾರರ ಪಾಲಿಗೆ ಅದು ನಿಯಮವಾದದ್ದು 1978ರಲ್ಲಿ. ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ವಿಶ್ರಾಂತಿ, ಐಸ್, ಬಿಗಿಪಟ್ಟಿ, ಕಾಲನ್ನು ಎತ್ತರಿಸಿ ಇಡುವುದು ಎಂಬ ನಾಲ್ಕು ಸೂತ್ರಗಳ ಇಂಗ್ಲಿಷ್ ಮೊದಲಕ್ಷರಗಳನ್ನು ಜೋಡಿಸಿ 'ರೈಸ್' ಎಂದು ಕರೆದರು. ದಶಕಗಳ ನಂತರ ಅವರೇ ಅದನ್ನು ತಿದ್ದಿಕೊಂಡರು: ಊತವೂ ಗಾಯ ಮಾಗುವ ಕೆಲಸದ ಭಾಗ, ಐಸ್ ಅದನ್ನು ನಿಧಾನಗೊಳಿಸಬಹುದು. ತಾನೇ ಹೇಳಿದ್ದನ್ನು ಹೀಗೆ ಹಿಂದಕ್ಕೆ ಪಡೆದ ವೈದ್ಯರ ಬಗ್ಗೆ ನನಗೆ ಗೌರವವಿದೆ.

ಆದರೆ ಕೀಲಿನ ಕಥೆ ಅಷ್ಟಕ್ಕೇ ನಿಲ್ಲುವುದಿಲ್ಲ. ಮಂಡಿಯೊಳಗೆ ನೀರು ತುಂಬಿದಾಗ ಆ ಒತ್ತಡದ ಸುದ್ದಿ ನರಗಳ ಮೂಲಕ ಬೆನ್ನುಹುರಿಗೆ ಹೋಗುತ್ತದೆ. ಅಲ್ಲಿಂದ ತೊಡೆಯ ಮುಂಭಾಗದ ಸ್ನಾಯುವಿಗೆ ಬರಬೇಕಾದ ಆಜ್ಞೆ ಕುಗ್ಗುತ್ತದೆ. ತೊಡೆಗೆ ಪೆಟ್ಟೇ ಬಿದ್ದಿರುವುದಿಲ್ಲ, ಆದರೂ ಕಾಲು ಮಾತು ಕೇಳುವುದಿಲ್ಲ. 2002ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಸಂಶೋಧಕರು ಆರೋಗ್ಯವಂತರ ಮಂಡಿಗೆ ಉಪ್ಪುನೀರು ಚುಚ್ಚಿ ಊದಿಸಿ, ಮೇಲೆ ಐಸ್ ಇಟ್ಟರು. ಮಂಕಾಗಿದ್ದ ಸ್ನಾಯು ಮತ್ತೆ ಚುರುಕಾಯಿತು.

ಅದೇ ಐಸನ್ನು ಸ್ನಾಯುವಿನ ಮೇಲೆಯೇ ಇಟ್ಟರೆ ಫಲ ತಿರುಗುಮುರುಗು. ತಣ್ಣಗಾದ ನರದಲ್ಲಿ ಸಂದೇಶ ನಿಧಾನವಾಗುತ್ತದೆ, ನೋವು ಕಡಿಮೆಯಾಗುತ್ತದೆ, ಜೊತೆಗೆ ಓಟ ಮತ್ತು ಜಿಗಿತದ ಕಸುವೂ ಸ್ವಲ್ಪ ಹೊತ್ತು ಕುಂದುತ್ತದೆ. ಇಪ್ಪತ್ತು ನಿಮಿಷ ಐಸ್ ಇಟ್ಟು ನೇರವಾಗಿ ಮೈದಾನಕ್ಕೆ ಇಳಿಸುವ ನಮ್ಮ ರೂಢಿ ನನಗೆ ಭಯ ಹುಟ್ಟಿಸುತ್ತದೆ. 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಇನ್ನೂ ದೂರದ ಪರಿಣಾಮವನ್ನು ತೋರಿಸಿತು: ವ್ಯಾಯಾಮದ ನಂತರ ಪ್ರತಿ ಸಲ 10 ನಿಮಿಷ ತಣ್ಣೀರಿನಲ್ಲಿ ಕುಳಿತವರ ಸ್ನಾಯು 12 ವಾರಗಳಲ್ಲಿ ಉಳಿದವರಷ್ಟು ಬೆಳೆಯಲಿಲ್ಲ.

ಆ ಹಿರಿಯರ ಮಾತಿನಲ್ಲೂ ಹುರುಳಿದೆ. ತೋಟದ ಇಳಿಜಾರನ್ನು ವರ್ಷಗಟ್ಟಲೆ ಹತ್ತಿಳಿದು ಸವೆದ, ಬೆಳಗ್ಗೆ ಬಿಗಿದುಕೊಳ್ಳುವ ಮಂಡಿಗೆ ಶಾಖವೇ ಹಿತ. ಈಗಷ್ಟೇ ಊದಿದ ಮಂಡಿಗೆ ಮಾತ್ರ ಬಿಸಿನೀರು ಬೇಡ.

ಹುಡುಗನನ್ನು ಅಂದು ಮತ್ತೆ ಆಡಲು ಬಿಡಲಿಲ್ಲ. ಟವೆಲ್ ತೆಗೆದ ಮೇಲೆ ಅವನ ಅಣ್ಣ ಮಂಡಿಯ ಮೇಲ್ಭಾಗಕ್ಕೆ ಬೆರಳಿಟ್ಟು, "ತೊಡೆ ಬಿಗಿಹಿಡಿ" ಎಂದ. ಒದ್ದೆ ಚರ್ಮದಡಿ ಸ್ನಾಯು ಒಮ್ಮೆ ಅದುರಿ ಗಟ್ಟಿಯಾಯಿತು.