ವ್ಯಾನಿನೊಳಗೆ ಫ್ರಿಜ್, ಲ್ಯಾಪ್‌ಟಾಪ್, ನಾಲ್ಕು ಫೋನು: 12 ವೋಲ್ಟಿನ ನೋಟ್ಸ್

ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿ ಗಾಡಿ ವೈರಿಂಗ್ ಕಲಿಯಲು ಬಂದಿರುವವರಿಗೆ ಈ ನೋಟ್ಸ್. ನಾನೂ ನಿಮ್ಮ ಜೊತೆಯವನೇ. ಹಾಸನದ ಬಿ.ಎಂ. ರಸ್ತೆಯ ಒಂದು ಗ್ಯಾರೇಜಿನಲ್ಲಿ ಎರಡು ವರ್ಷದಿಂದ ಕಲಿಯುತ್ತಿದ್ದೇನೆ. ಮೋಟರ್‌ಹೋಂ ಅಂದರೆ ಮಲಗಲು, ಅಡುಗೆ ಮಾಡಲು ಜಾಗ ಇರುವ ಗಾಡಿ. ನಮ್ಮ ಕಡೆ ಹಳೆ ಟಿಟಿ (ಟೆಂಪೋ ಟ್ರಾವೆಲರ್) ತಗೊಂಡು, ಸೀಟು ಕಿತ್ತು, ಒಳಗೆ ಮಂಚ, ಸಿಂಕು ಕೂರಿಸಿಕೊಳ್ಳುವವರೇ ಜಾಸ್ತಿ. ಬಂದವರೆಲ್ಲ ಕೇಳುವುದು ಒಂದೇ ಮಾತು: "ಇನ್ನೂ ಎರಡು ಪ್ಲಗ್ ಪಾಯಿಂಟ್ ಹಾಕ್ಕೊಡ್ತೀರಾ?" ಪಾಯಿಂಟ್ ಹಾಕುವುದು ಹತ್ತು ನಿಮಿಷದ ಕೆಲಸ. ಆದರೆ ಬ್ಯಾಟರಿಯಿಂದ ಆ ಪಾಯಿಂಟಿಗೆ ಹೋಗುವ ವೈರ್ ಎಷ್ಟು ದಪ್ಪ, ಎಷ್ಟು ಉದ್ದ, ಅದರ ಮೇಲೆ ಈಗಾಗಲೇ ಇನ್ನೇನೇನು ನೇತುಹಾಕಿದ್ದಾರೆ ಅಂತ ಯಾರೂ ಕೇಳುವುದಿಲ್ಲ. ನನಗೆ ಇದರ ಬೆಲೆ ಗೊತ್ತಾಗಿದ್ದು ಒಂದು ಫ್ರಿಜ್ಜಿನಿಂದ.

ಹೋದ ಚಳಿಗಾಲದಲ್ಲಿ ಮೂಡಿಗೆರೆ ಕಡೆಯ ಕಾಫಿ ತೋಟದವರೊಬ್ಬರು ಗಾಡಿ ತಂದರು. ಹಿರೇಕೊಳಲೆ ಕೆರೆ ಹತ್ತಿರ ಒಂದು ರಾತ್ರಿ ತಂಗಿದ್ದಾಗ 12 ವೋಲ್ಟಿನ ಚಿಕ್ಕ ಫ್ರಿಜ್ ಪದೇ ಪದೇ ಆಫ್ ಆಯಿತಂತೆ. ಅದರಲ್ಲಿ ಅವರ ತಾಯಿಯ ಇನ್ಸುಲಿನ್ ಇತ್ತು. ತೆರೆಯದ ಇನ್ಸುಲಿನ್ ಅನ್ನು 2ರಿಂದ 8 ಡಿಗ್ರಿಯೊಳಗೆ ಇಡಬೇಕು, ಹಾಗಾಗಿ ಇದು ಬಿಯರ್ ಬಾಟಲಿ ತಣ್ಣಗಿರಲಿಲ್ಲ ಅನ್ನುವಂಥ ಸಮಸ್ಯೆ ಅಲ್ಲ. "ತಮ್ಮಾ, ಬ್ಯಾಟ್ರಿ ಹೊಸದು ಹಾಕ್ಸಿ ಎರಡು ತಿಂಗಳೂ ಆಗಿಲ್ಲ, ಆದ್ರೂ ಹಿಂಗೆ" ಅಂದರು. ಒಳಗಿನ ವೈರಿಂಗ್ ಬೇರೆ ಊರಿನಲ್ಲಿ ಮಾಡಿಸಿದ್ದು. ಫ್ರಿಜ್ ಕೆಡುತ್ತಿದೆ ಅಂತ ಅಲ್ಲಿ ಹೇಳಿದಾಗ ಬ್ಯಾಟರಿ ಹೋಗಿದೆ ಅಂತ ಬದಲಾಯಿಸಿದ್ದರು.

ನಾನು ಮಲ್ಟಿಮೀಟರ್ ಹಿಡಿದು ಬ್ಯಾಟರಿ ನೋಡಿದೆ. ಫ್ರಿಜ್ ಓಡುತ್ತಿರುವಾಗಲೂ 12.4 ವೋಲ್ಟ್. ಚೆನ್ನಾಗಿಯೇ ಇದೆ, ಅಲ್ವಾ? ನಮ್ಮ ಮೇಸ್ತ್ರಿ ಅಣ್ಣ ಹೇಳಿದ್ದು ಇಷ್ಟೇ: "ಅಲ್ಲಿ ನೋಡಬೇಡ, ಫ್ರಿಜ್ಜಿನ ಬಾಯಲ್ಲಿ ನೋಡು." ಹಿಂದೆ ಹೋಗಿ ಫ್ರಿಜ್ಜಿನ ಟರ್ಮಿನಲ್ ಮೇಲೆ ಪ್ರೋಬ್ ಇಟ್ಟರೆ 11.4 ಹತ್ತಿರ ತೋರಿಸಿತು. ಆಮೇಲೆ ಅಣ್ಣ ಅದೇ ಸಾಲಿನ ಸಾಕೆಟ್ಟಿಗೆ ಲ್ಯಾಪ್‌ಟಾಪ್ ಚಾರ್ಜರ್ ಚುಚ್ಚಿದರು. ಮೀಟರಿನ ಅಂಕಿ ಸರ್ರನೆ 10.1ಕ್ಕೆ ಇಳಿಯಿತು, ಕಂಪ್ರೆಸರ್ ಒಮ್ಮೆ ನರಳಿದ ಹಾಗೆ ಸದ್ದು ಮಾಡಿ ನಿಂತಿತು. ಚಾರ್ಜರ್ ತೆಗೆದರೆ ಸ್ವಲ್ಪ ಹೊತ್ತಿಗೆ ಫ್ರಿಜ್ ತಾನೇ ಮತ್ತೆ ಶುರು. ಬ್ಯಾಟರಿ ತಪ್ಪಿಲ್ಲ, ಫ್ರಿಜ್ ತಪ್ಪಿಲ್ಲ. ವೋಲ್ಟೇಜ್ ತೀರಾ ಇಳಿದರೆ ಬ್ಯಾಟರಿ ಉಳಿಸಲು ತಾನಾಗಿ ಆಫ್ ಆಗುವ ವ್ಯವಸ್ಥೆ ಇಂಥ ಫ್ರಿಜ್ಜುಗಳಲ್ಲಿ ಇರುತ್ತದೆ. ಅದು ತನ್ನ ಕೆಲಸ ಮಾಡಿತು ಅಷ್ಟೇ.

ಹಾಗಾದರೆ ಆ ಎರಡೂಕಾಲು ವೋಲ್ಟಿನಷ್ಟು ಎಲ್ಲಿ ಹೋಯಿತು? ಸರಿಯಾಗಿ ಹೇಳಬೇಕಂದರೆ 12.4ರಲ್ಲಿ 10.1 ಕಳೆದು 2.3 ವೋಲ್ಟ್. ಅದು ವೈರಿನಲ್ಲೇ ಬಿಸಿಯಾಗಿ ಹೋಯಿತು.

ಲೆಕ್ಕ ನೋಡಿ, ಇದೇ ಈ ನೋಟ್ಸಿನ ಮುಖ್ಯ ಭಾಗ. ತಾಮ್ರದ ವೈರಿನ ರೆಸಿಸ್ಟೆನ್ಸ್ ಹಿಡಿಯಲು 0.0175 ಅನ್ನುವ ಸಂಖ್ಯೆಯನ್ನು ಉದ್ದದಿಂದ (ಮೀಟರಿನಲ್ಲಿ) ಗುಣಿಸಿ, ವೈರಿನ ದಪ್ಪದಿಂದ (ಸ್ಕ್ವೇರ್ ಎಂಎಂನಲ್ಲಿ) ಭಾಗಿಸಬೇಕು. ಬ್ಯಾಟರಿಯಿಂದ ಫ್ರಿಜ್ಜಿಗೆ 6 ಮೀಟರ್ ಇತ್ತು. ಆದರೆ ಕರೆಂಟು ಹೋಗಿ ವಾಪಸ್ ಬರಬೇಕು, ಆದ್ದರಿಂದ 12 ಮೀಟರ್. ಇಲ್ಲಿ ನಮ್ಮಲ್ಲಿ ಬಹಳ ಜನ ತಪ್ಪುತ್ತಾರೆ, ಒಂದೇ ಕಡೆಯ ಉದ್ದ ಹಿಡಿಯುತ್ತಾರೆ. ಅವರು ಎಳೆದಿದ್ದು ಮನೆಯ ಲೈಟ್ ಪಾಯಿಂಟಿಗೆ ಹಾಕುವ 1 ಸ್ಕ್ವೇರ್ ವೈರ್. ಹಾಗಾಗಿ 0.21 ಓಮ್. ಫ್ರಿಜ್ ಎಳೆಯುವುದು ಸುಮಾರು 5 ಆಂಪ್ಸ್, ಅದನ್ನು 0.21ರಿಂದ ಗುಣಿಸಿದರೆ ಡ್ರಾಪ್, ಅಂದರೆ ವೈರಿನಲ್ಲಿ ಕಳೆಯುವ ವೋಲ್ಟೇಜ್, 1.05 ವೋಲ್ಟ್. ಲ್ಯಾಪ್‌ಟಾಪ್ ಇನ್ನೊಂದು 6 ಆಂಪ್ಸ್ ಸೇರಿಸಿದರೆ ಒಟ್ಟು 11, ಡ್ರಾಪ್ 2.3 ವೋಲ್ಟ್. ಮೀಟರ್ ತೋರಿಸಿದ್ದೂ ಇದನ್ನೇ. ಕಾಗದದ ಮೇಲಿನ ಲೆಕ್ಕ ಮೀಟರಿನಲ್ಲಿ ಹಾಗೇ ಬಂದಾಗ ನನಗೆ ಆದ ಖುಷಿ ಹೇಳತೀರದು.

ಮನೆಯಲ್ಲಿ ಇದೇ ವೈರ್ ಯಾಕೆ ತೊಂದರೆ ಕೊಡುವುದಿಲ್ಲ? ವಾಟ್ಸ್ ಅಂದರೆ ವೋಲ್ಟ್ ಗುಣಿಸು ಆಂಪ್ಸ್. 60 ವಾಟಿನ ಸಾಮಾನು 230 ವೋಲ್ಟಿನಲ್ಲಿ ಕಾಲು ಆಂಪ್ಸ್ ಎಳೆದರೆ, 12 ವೋಲ್ಟಿನಲ್ಲಿ 5 ಆಂಪ್ಸ್ ಎಳೆಯುತ್ತದೆ. ಹತ್ತಿರ ಹತ್ತಿರ 19 ಪಟ್ಟು. ಅದೂ ಅಲ್ಲದೆ 230ರಲ್ಲಿ ಎರಡು ವೋಲ್ಟ್ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ, 12ರಲ್ಲಿ ಎರಡು ಹೋದರೆ ಆರರಲ್ಲಿ ಒಂದು ಪಾಲೇ ಹೋದ ಹಾಗೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದಾಗ ವೋಲ್ಟೇಜ್ ಏರಿಸಿ ಕಳಿಸಿದ್ದು ಇದೇ ಕಾರಣಕ್ಕೆ. ವೋಲ್ಟೇಜ್ ಏರಿಸಿದರೆ ಕರೆಂಟು ಕಮ್ಮಿ, ವೈರಿನಲ್ಲಿ ನಷ್ಟ ಕಮ್ಮಿ. ವ್ಯಾನಿನಲ್ಲಿ ನಮಗೆ ಆ ಅನುಕೂಲ ಇಲ್ಲ. ಆದ್ದರಿಂದ ವೈರ್ ದಪ್ಪ ಮಾಡಬೇಕು, ದಾರಿ ಗಿಡ್ಡ ಮಾಡಬೇಕು, ಒಂದೇ ವೈರಿಗೆ ಎಲ್ಲವನ್ನೂ ಕಟ್ಟುವುದು ಬಿಡಬೇಕು.

ನಾವು ಮಾಡಿದ್ದು ಹೀಗೆ. ಬ್ಯಾಟರಿ ಪಕ್ಕದಲ್ಲೇ ಒಂದು ಫ್ಯೂಸ್ ಬಾಕ್ಸ್ ಕೂರಿಸಿ, ಫ್ರಿಜ್ಜಿಗೆ ಬೇರೆ ಯಾರೂ ಪಾಲು ಕೇಳದ 6 ಸ್ಕ್ವೇರ್ ವೈರ್ ಎಳೆದೆವು. ಈಗ 0.035 ಓಮ್, ಡ್ರಾಪ್ 0.2 ವೋಲ್ಟೂ ಇಲ್ಲ. ಚಾರ್ಜಿಂಗ್ ಪಾಯಿಂಟುಗಳಿಗೆ ಒಂದು ಸಾಲು, ಲೈಟಿಗೆ ಒಂದು, ನೀರಿನ ಪಂಪಿಗೆ ಒಂದು. ನೆಗೆಟಿವ್ ವೈರನ್ನೂ ಅಷ್ಟೇ ದಪ್ಪದ್ದು ವಾಪಸ್ ತಂದೆವು. ಸೀಟಿನ ಬೋಲ್ಟಿಗೆ ಅರ್ತ್ ಕೊಟ್ಟು ಬಾಡಿಯಲ್ಲೇ ವಾಪಸ್ ಕಳಿಸುವ ಅಭ್ಯಾಸ ಇದೆ, ಆದರೆ ಮಲೆನಾಡಿನ ಗಾಡಿಗೆ ಅದು ಬೇಡ ಅನ್ನುವುದು ನನ್ನ ಅಭಿಪ್ರಾಯ. ನಾಲ್ಕು ತಿಂಗಳು ಮಳೆ ಹೊಡೆದರೆ ಆ ಬೋಲ್ಟ್ ತುಕ್ಕು ಹಿಡಿಯುತ್ತದೆ, ಆಮೇಲೆ ಸುಮ್ನೆ ಅಲ್ಲೊಂದು ಕನೆಕ್ಷನ್ ಇದ್ದೂ ಇಲ್ಲದ ಹಾಗೆ.

ಫ್ಯೂಸ್ ಬಗ್ಗೆ ಒಂದು ಮಾತು. ಫ್ಯೂಸ್ ಇರುವುದು ಸಾಮಾನು ಉಳಿಸಲು ಅಲ್ಲ, ವೈರ್ ಉಳಿಸಲು. ಆದ್ದರಿಂದ ಅದು ವೈರಿನ ಶುರುವಿನಲ್ಲಿ, ಬ್ಯಾಟರಿ ಹತ್ತಿರ ಇರಬೇಕು. ಫ್ರಿಜ್ ಹತ್ತಿರ ಹಾಕಿದರೆ ನಡುವೆ ವೈರ್ ಉಜ್ಜಿ ಶಾರ್ಟ್ ಆದಾಗ ಅದು ಏನೂ ಮಾಡುವುದಿಲ್ಲ. ಬ್ಲೇಡ್ ಫ್ಯೂಸಿನ ಬಣ್ಣ ಬಾಯಿಪಾಠ ಮಾಡಿಕೊಳ್ಳಿ: ಕೆಂಪು 10, ನೀಲಿ 15, ಹಳದಿ 20, ಹಸಿರು 30. ಡ್ಯಾಶ್‌ಬೋರ್ಡಿನ ಸಿಗರೇಟ್ ಲೈಟರ್ ಸಾಕೆಟ್ಟಿಗೆ ನೀಲಿ ಫ್ಯೂಸ್ ಇದೆ ಅನ್ನಿ. 15 ಗುಣಿಸು 12, ಅಂದರೆ 180 ವಾಟ್ಸ್. ಒಂದಕ್ಕೆ ಮೂರು ಬಾಯಿರುವ ಸ್ಪ್ಲಿಟರ್ ಚುಚ್ಚಿದರೂ ಒಟ್ಟು ಅದೇ 180, ಮೂರು ಪಟ್ಟು ಆಗುವುದಿಲ್ಲ. ಫ್ಯೂಸ್ ಹಾರುತ್ತಿದೆ ಅಂತ ಹಸಿರು ಹಾಕಿದ ಒಂದು ಗಾಡಿ ನಮ್ಮಲ್ಲಿಗೆ ಬಂದಿತ್ತು. ಸಾಕೆಟ್ಟಿನ ಹಿಂದಿನ ಪ್ಲಾಸ್ಟಿಕ್ ಕರಗಿ ಮೇಣದ ಹಾಗೆ ಇಳಿದಿತ್ತು, ವೈರಿನ ಮೇಲಿನ ಹೊದಿಕೆ ಮುಟ್ಟಿದರೆ ಪುಡಿಯಾಗಿ ಉದುರುತ್ತಿತ್ತು. ಆ ಗಾಡಿಯಲ್ಲಿ ಮಕ್ಕಳು ಮಲಗುತ್ತಿದ್ದರು. ದಯವಿಟ್ಟು ಯಾರು ಎಷ್ಟೇ ಅವಸರ ಮಾಡಿದರೂ ದೊಡ್ಡ ಫ್ಯೂಸ್ ಹಾಕಿ ಕಳಿಸಬೇಡಿ.

ಇನ್ನು ಬ್ಯಾಟರಿ ಎಷ್ಟು ದೊಡ್ಡದು ಬೇಕು ಅನ್ನುವುದು. ಇಲ್ಲಿ ವಾಟ್ಸ್ ಸಾಲದು, ಎಷ್ಟು ಹೊತ್ತು ಅನ್ನುವುದೂ ಸೇರಬೇಕು. ಅದೇ ವಾಟ್-ಅವರ್. ಆ ಮನೆಯವರ ಒಂದು ದಿನವನ್ನು ಹೀಗೆ ಬರೆದುಕೊಂಡೆವು. ನಾಲ್ಕು ಫೋನು, ನಷ್ಟ ಸೇರಿ ಒಂದಕ್ಕೆ 25ರಂತೆ 100. ಲ್ಯಾಪ್‌ಟಾಪ್ 60 ವಾಟ್ ಮೂರು ಗಂಟೆ, 180. ಎಲ್‌ಇಡಿ ನಾಲ್ಕು, ತಲಾ 5 ವಾಟ್, ನಾಲ್ಕು ಗಂಟೆ, 80. ಪಂಪು 15, ಕ್ಯಾಮೆರಾ ಅದೂ ಇದೂ 25. ಫ್ರಿಜ್ 45 ವಾಟ್ ಅಂತ ಬರೆದಿದ್ದರೂ ಅದು ಇಡೀ ದಿನ ಓಡುವುದಿಲ್ಲ, ತಣ್ಣಗಾದ ಮೇಲೆ ನಿಲ್ಲುತ್ತದೆ. ಮೂರರಲ್ಲೊಂದು ಪಾಲು ಓಡುತ್ತದೆ ಅಂತ ಹಿಡಿದರೆ 360. ಒಟ್ಟು 760 ವಾಟ್-ಅವರ್. 12ರಿಂದ ಭಾಗಿಸಿದರೆ ಸುಮಾರು 63 ಆಂಪ್-ಅವರ್.

63 ಬೇಕು ಅಂತ 65ರ ಬ್ಯಾಟರಿ ತಂದರೆ ಕೆಟ್ಟಿತು. ಲೆಡ್ ಆ್ಯಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ದಿನಾ ಇಳಿಸಿದರೆ ಬೇಗ ಸಾಯುತ್ತದೆ, ಆದ್ದರಿಂದ ಅದಕ್ಕೆ ಡಬಲ್ ಬೇಕು. ಲಿಥಿಯಂ ಐರನ್ ಫಾಸ್ಫೇಟ್ ಆದರೆ ನೂರಕ್ಕೆ 80 ಬಳಸಬಹುದು. 12.8 ವೋಲ್ಟಿನ 100 ಆಂಪ್-ಅವರ್ ಅಂದರೆ 1280 ವಾಟ್-ಅವರ್, ಅದರಲ್ಲಿ ಕೈಗೆ ಸಿಗುವುದು ಸಾವಿರ ಚಿಲ್ಲರೆ. ಅವರಿಗೆ ಸಾಕು. ದುಡ್ಡು ಉಳಿಸಲು ಮನೆಯ ಯುಪಿಎಸ್‌ನ ಟ್ಯೂಬುಲರ್ ಬ್ಯಾಟರಿಯನ್ನೇ ಮಂಚದ ಕೆಳಗೆ ಇಡುವವರಿದ್ದಾರೆ. ಅದು ಚಾರ್ಜ್ ಆಗುವಾಗ ಹೈಡ್ರೋಜನ್ ಗ್ಯಾಸ್ ಬಿಡುತ್ತದೆ, ಚಾರ್ಮಾಡಿ ತಿರುವಿನಲ್ಲಿ ಗಾಡಿ ವಾಲಿದರೆ ಆ್ಯಸಿಡ್ ಚೆಲ್ಲುತ್ತದೆ. ಮಲಗುವ ಜಾಗದಲ್ಲಿ ಅದು ಬೇಡವೇ ಬೇಡ. ಮತ್ತೆ, ಇಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿಯನ್ನು ಈ ಯಾವ ಕೆಲಸಕ್ಕೂ ಮುಟ್ಟಬಾರದು. ಬೆಳಿಗ್ಗೆ ಬೆಟ್ಟದ ಮೇಲೆ ಗಾಡಿ ಸ್ಟಾರ್ಟ್ ಆಗದಿದ್ದರೆ ತಳ್ಳಲು ಅಲ್ಲಿ ಯಾರಿರುತ್ತಾರೆ?

ಈ ದಿನದ ಲೆಕ್ಕ ಬರೆಯುವಾಗ ನನಗೆ ನೆನಪಾಗುವುದು ನಮ್ಮ ಸಾಲಗಾಮೆ ರಸ್ತೆಯ ಎಂಸಿಎಫ್. ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಅದು, ಸುಮಾರು 36,000 ಕಿಲೋಮೀಟರ್ ಮೇಲಿರುವ ಉಪಗ್ರಹಗಳನ್ನು ನೋಡಿಕೊಳ್ಳುತ್ತದೆ. ಆ ಉಪಗ್ರಹವೂ ಒಂದು ಮೋಟರ್‌ಹೋಂ ಇದ್ದ ಹಾಗೇ: ಸೋಲಾರ್ ಪ್ಯಾನೆಲ್, ಬ್ಯಾಟರಿ, ಅದರ ಮೇಲೆ ಹತ್ತಾರು ಲೋಡ್. ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನಲ್ಲಿ ಅದು ದಿನಕ್ಕೊಮ್ಮೆ ಭೂಮಿಯ ನೆರಳಿಗೆ ಹೋಗುತ್ತದೆ, ಹೆಚ್ಚೆಂದರೆ 72 ನಿಮಿಷ. ಅಷ್ಟು ಹೊತ್ತೂ ಬ್ಯಾಟರಿಯೇ ಗತಿ. ನಮಗೂ ಹಾಗೇ, ಬಿಸಿಲಿಲ್ಲದ ಹೊತ್ತಿಗೆ ಏನು ಓಡಲೇಬೇಕು, ಏನು ನಿಂತರೂ ಪರವಾಗಿಲ್ಲ ಅಂತ ಮೊದಲೇ ಬರೆದಿಟ್ಟುಕೊಳ್ಳಬೇಕು. ಆ ವ್ಯಾನಿನಲ್ಲಿ ಮೊದಲ ಸಾಲು ಇನ್ಸುಲಿನ್ ಇರುವ ಫ್ರಿಜ್. ಬ್ಯಾಟರಿ ಇಳಿಯುತ್ತಾ ಬಂದರೆ ಚಾರ್ಜಿಂಗ್ ಸಾಲು ಮೊದಲು ಕಟ್ ಆಗುವ ಹಾಗೆ ಒಂದು ವೋಲ್ಟೇಜ್ ಕಟ್-ಆಫ್ ಹಾಕಿದೆವು. ಫ್ರಿಜ್ಜಿಗೆ ಅದು ಇಲ್ಲ.

ಇನ್ವರ್ಟರ್ ವಿಷಯಕ್ಕೆ ಬಂದರೆ, ಎಲ್ಲಾದಕ್ಕೂ ಅದನ್ನೇ ಬಳಸುವುದು ನಷ್ಟ. 12 ವೋಲ್ಟನ್ನು 230 ಮಾಡಿ, ಲ್ಯಾಪ್‌ಟಾಪಿನ ಅಡಾಪ್ಟರ್ ಅದನ್ನು ಮತ್ತೆ 20 ಮಾಡುತ್ತದೆ. ಎರಡು ಕಡೆ ಬಿಸಿಯಾಗಿ ಹೋಗುತ್ತದೆ. ಅದರ ಬದಲು 12 ವೋಲ್ಟಿನಿಂದಲೇ ನೇರ ಓಡುವ 65 ವಾಟಿನ ಯುಎಸ್‌ಬಿ-ಸಿ ಕಾರ್ ಚಾರ್ಜರ್ ಹಾಕಿ. ಇನ್ವರ್ಟರ್ ಸುಮ್ನೆ ಆನ್ ಇದ್ದರೂ ತಿನ್ನುತ್ತದೆ. 10 ವಾಟ್ ಹಿಡಿದು ರಾತ್ರಿ ಹತ್ತು ಗಂಟೆ ಬಿಟ್ಟರೆ 100 ವಾಟ್-ಅವರ್, ಮೇಲೆ ಲೆಕ್ಕ ಹಾಕಿದ ನಾಲ್ಕು ಫೋನಿನಷ್ಟು, ಯಾರಿಗೂ ಉಪಯೋಗ ಇಲ್ಲದೆ.

ಮಿಕ್ಸಿ ಬೇಕಾದರೆ ಇನ್ವರ್ಟರ್ ಬೇಕೇ ಬೇಕು. 500 ವಾಟಿನ ಮಿಕ್ಸಿಯಲ್ಲಿ ಚಟ್ನಿಗೆ ಮೂರು ನಿಮಿಷ ತಿರುಗಿಸಿದರೆ ಖರ್ಚು ಬರೀ 25 ವಾಟ್-ಅವರ್. ಆದರೆ ಆ ಮೂರು ನಿಮಿಷ, ಇನ್ವರ್ಟರಿನ ನಷ್ಟ ಸೇರಿ, ಬ್ಯಾಟರಿಯಿಂದ 50 ಆಂಪ್ಸ್ ಹತ್ತಿರ ಎಳೆಯುತ್ತದೆ, ಶುರುವಾಗುವ ಕ್ಷಣದಲ್ಲಿ ಇನ್ನೂ ಜಾಸ್ತಿ. ಖರ್ಚು ಚಿಕ್ಕದು, ಕರೆಂಟು ದೊಡ್ಡದು. ಈ ಎರಡರ ವ್ಯತ್ಯಾಸ ತಲೆಗೆ ಹೋದರೆ ಅರ್ಧ ಪಾಠ ಮುಗಿದ ಹಾಗೆ. ಇನ್ವರ್ಟರನ್ನು ಬ್ಯಾಟರಿಗೆ ಅಂಟಿಕೊಂಡ ಹಾಗೆ ಇಡಿ, ಗಿಡ್ಡ ದಪ್ಪ ಕೇಬಲ್, ಲಗ್ ಸರಿಯಾಗಿ ಕ್ರಿಂಪ್ ಮಾಡಿ. ಇಂಡಕ್ಷನ್ ಒಲೆ 1500 ವಾಟ್ ಅಂದರೆ ಅದೇ ನಷ್ಟ ಸೇರಿ 147 ಆಂಪ್ಸ್ ಹತ್ತಿರ. ಅದಕ್ಕೆ ನಾನು ಒಪ್ಪುವುದಿಲ್ಲ, ಗ್ಯಾಸೇ ಇರಲಿ ಅಂತ ಹೇಳುತ್ತೇನೆ.

ಬ್ಯಾಟರಿ ತುಂಬಿಸುವ ದಾರಿ ಮೂರು. ಓಡುವಾಗ ಇಂಜಿನ್ನಿನ ಆಲ್ಟರ್ನೇಟರಿನಿಂದ, ಡಿಸಿ-ಡಿಸಿ ಚಾರ್ಜರ್ ಮೂಲಕ. 30 ಆಂಪ್ಸಿನದು ಹಾಕಿದರೆ ಹಾಸನದಿಂದ ಬೇಲೂರು ದಾಟಿ ಚಿಕ್ಕಮಗಳೂರಿಗೆ ಹೋಗುವ ಒಂದೂವರೆ ಗಂಟೆಯಲ್ಲಿ 45 ಆಂಪ್-ಅವರ್ ಸೇರುತ್ತದೆ. ಅವರ ಒಂದು ದಿನದ ಖರ್ಚಿನ ಮುಕ್ಕಾಲು ಪಾಲು ಇಲ್ಲೇ ಬಂತು. ಸೋಲಾರ್ ಫೆಬ್ರುವರಿಯಲ್ಲಿ ಚೆನ್ನ, 200 ವಾಟಿನ ಪ್ಯಾನೆಲ್ಲಿಗೆ 600 ವಾಟ್-ಅವರ್ ನಿರೀಕ್ಷಿಸಬಹುದು. ಜುಲೈನಲ್ಲಿ ಮೂಡಿಗೆರೆಯಲ್ಲಿ ಅದನ್ನು ನಂಬಬೇಡಿ. ತೋಟದಲ್ಲಿ ಸಿಲ್ವರ್ ಓಕ್ ಕೆಳಗೆ ನಿಲ್ಲಿಸಿದರೂ ಅಷ್ಟೇ, ಪ್ಯಾನೆಲ್ಲಿನ ಸೆಲ್ಲುಗಳು ಒಂದರ ಹಿಂದೆ ಒಂದು ಜೋಡಿಸಿದ್ದರಿಂದ ಮೂಲೆಗೆ ನೆರಳು ಬಿದ್ದರೂ ದೊಡ್ಡ ಪಾಲು ಹೋಗುತ್ತದೆ. ಮೂರನೆಯದು ಹೋಂಸ್ಟೇಯಲ್ಲಿ ನಿಂತಾಗ ಅವರ 230 ವೋಲ್ಟಿಗೆ ಚುಚ್ಚುವುದು. ಇದಕ್ಕೆ 30 ಮಿಲಿ ಆಂಪ್ಸಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಕ್ಷಣ ಸಾಲು ಕಟ್ ಮಾಡುವ ಸ್ವಿಚ್) ಗಾಡಿಯೊಳಗೆ ಇರಲೇಬೇಕು, ಮತ್ತು ಎಕ್ಸ್‌ಟೆನ್ಷನ್ ವೈರನ್ನು ಸುತ್ತಿಟ್ಟ ಹಾಗೇ ಬಳಸಬಾರದು, ಪೂರ್ತಿ ಬಿಚ್ಚಬೇಕು, ಇಲ್ಲದಿದ್ದರೆ ಸುರುಳಿಯೊಳಗೇ ಬಿಸಿ ಕಟ್ಟುತ್ತದೆ.

ಕೊನೆಗೆ ಒಂದು ಲೆಕ್ಕ, ನೀವೇ ಮಾಡಿ ನೋಡಿ. ಅದೇ ವ್ಯಾನು, ಅದೇ ಫ್ರಿಜ್ 5 ಆಂಪ್ಸ್, ಲ್ಯಾಪ್‌ಟಾಪ್ 6 ಆಂಪ್ಸ್, ಎರಡೂ ಒಂದೇ ಸಾಲಿನಲ್ಲಿ. ವೈರ್ ಎರಡೂವರೆ ಸ್ಕ್ವೇರ್, ಬ್ಯಾಟರಿಯಿಂದ ದೂರ 4 ಮೀಟರ್, ಬ್ಯಾಟರಿಯಲ್ಲಿ 12.4 ವೋಲ್ಟ್. ಫ್ರಿಜ್ಜಿನ ಬಾಯಲ್ಲಿ ಎಷ್ಟಿರುತ್ತದೆ? 11.8ರ ಹತ್ತಿರ ಬಂದರೆ ಸರಿ. 12.1 ಬಂದರೆ ವಾಪಸ್ ಬರುವ ವೈರನ್ನು ಮರೆತಿದ್ದೀರಿ.