‘ಸೈರಾಟ್’ ದುಡ್ಡು ಮಾಡಿದ್ದು ಯಾವ ವಾರದಲ್ಲಿ?

ನೂರು ಕೋಟಿ ದಾಟಿದ ಮೊದಲ ಮರಾಠಿ ಸಿನಿಮಾ ‘ಸೈರಾಟ್’. ನಮ್ಮ ಸೊಲ್ಲಾಪುರದ ಕಡೆ ಇದು ಶಾಲೆ ಮಕ್ಕಳಿಗೂ ಗೊತ್ತು. ನಿರ್ದೇಶಕ ನಾಗರಾಜ ಮಂಜುಳೆ ಇದೇ ಜಿಲ್ಲೆಯ ಕರಮಾಳಾ ತಾಲೂಕಿನವರು, ನಾಯಕಿ ರಿಂಕು ರಾಜಗುರು ಅಕಲೂಜದ ಹುಡುಗಿ. ಹಾಗಾಗಿ ಮನೆಯಲ್ಲಿ ಕನ್ನಡ ಆಡುವ ಅಕ್ಕಲಕೋಟೆಯವರಿಗೂ ಅದು ‘ನಮ್ಮ ಪಿಚ್ಚರ್’. ಥೇಟರ್‌ಗಳ ಲೆಕ್ಕ ನೋಡುವ ನನ್ನನ್ನು ಜನ ಈಗಲೂ ಕೇಳುತ್ತಾರೆ: “ಅಣ್ಣಾರ, ನೂರು ಕೋಟಿ ಅಂದ್ರ ಅಷ್ಟೂ ತೆಗೆದವರಿಗೇ ಹೋಗ್ತದೇನ್ರಿ?”

ಇಲ್ಲ. ಟಿಕೆಟ್ ಕಿಟಕಿಯಲ್ಲಿ ಬಿದ್ದ ಒಟ್ಟು ದುಡ್ಡು ಗ್ರಾಸ್. ಅದರಲ್ಲಿ ತೆರಿಗೆ ಕಳೆದರೆ ನೆಟ್. ಆ ನೆಟ್‌ನಲ್ಲಿ ಥೇಟರ್‌ನವರ ಪಾಲು ಹೋಗಿ ಉಳಿದದ್ದು ಶೇರ್. ವಿತರಕರ ಕಮಿಷನ್, ಪ್ರಚಾರದ ಖರ್ಚು ಎಲ್ಲ ಹೋಗುವುದು ಈ ಶೇರ್‌ನಿಂದ. ಪೋಸ್ಟರಿನ ಮೇಲೆ ಹಾಕುವುದು ಮಾತ್ರ ಗ್ರಾಸ್. ದೊಡ್ಡದಾಗಿ ಕಾಣುತ್ತದಲ್ವಾ!

‘ಸೈರಾಟ್’ಗೆ ಒಂದು ಅನುಕೂಲ ಇತ್ತು. 2016ರಲ್ಲಿ ಮಹಾರಾಷ್ಟ್ರದಲ್ಲಿ ಮರಾಠಿ ಸಿನಿಮಾಗೆ ಮನರಂಜನಾ ತೆರಿಗೆ ಇರಲಿಲ್ಲ. ಪಕ್ಕದ ಪರದೆಯ ಹಿಂದಿ ಸಿನಿಮಾದ ಟಿಕೆಟ್‌ನಲ್ಲಿ ದೊಡ್ಡ ಪಾಲು ಸರ್ಕಾರಕ್ಕೆ ಹೋಗುತ್ತಿದ್ದಾಗ, ಇದರ ಗ್ರಾಸೂ ನೆಟ್ಟೂ ಹೆಚ್ಚು ಕಡಿಮೆ ಒಂದೇ. 2017ರ ಜುಲೈನಲ್ಲಿ ಜಿಎಸ್‌ಟಿ ಬಂತು, ಆ ಸುಖ ಹೋಯಿತು.

ಇನ್ನು ಪಾಲಿನ ವಿಷಯ. ಇದನ್ನು ಜನ ಗಮನಿಸುವುದೇ ಕಡಿಮೆ. 2009ರಲ್ಲಿ ನಿರ್ಮಾಪಕರು ಮುಷ್ಕರ ಹೂಡಿದ ಮೇಲೆ ಹಿಂದಿ ಸಿನಿಮಾಗಳಿಗೆ ಮಲ್ಟಿಪ್ಲೆಕ್ಸ್‌ಗಳ ಜೊತೆ ಒಂದು ಒಪ್ಪಂದ ಆಯಿತು. ವಿತರಕರಿಗೆ ಮೊದಲ ವಾರ ಶೇಕಡಾ 50, ಎರಡನೇ ವಾರ 42.5, ಮೂರನೇ ವಾರ 37.5, ಆಮೇಲೆ 30. ಅಂಕಿ ಬೇರೆ ಇದ್ದರೂ ವಾರ ಕಳೆದಂತೆ ಪಾಲು ಇಳಿಯುವ ರೀತಿ ಬೇರೆ ಕಡೆಯೂ ಇದೆ. ಅಂದರೆ ಮೊದಲ ವಾರ ಜನ ನುಗ್ಗಿದರೆ ತೆಗೆದವರಿಗೆ ಲಾಭ, ಐದನೇ ವಾರವೂ ಬಂದರೆ ಥೇಟರ್‌ನವರಿಗೆ ಹಬ್ಬ. ನಿಧಾನಕ್ಕೆ ಓಡುವ ಪ್ರೇಮಕಥೆ ಕಂಡರೆ ಟಾಕೀಸಿನ ಮಾಲೀಕರಿಗೆ ಯಾಕಷ್ಟು ಪ್ರೀತಿ ಅನ್ನುವುದಕ್ಕೆ ಇದೇ ಕಾರಣ.

‘ಸೈರಾಟ್’ ಬಿಡುಗಡೆ ಆಗಿದ್ದು 2016ರ ಏಪ್ರಿಲ್ 29ಕ್ಕೆ. ಆ ವರ್ಷ ಭೀಕರ ಬರ. ಮಿರಜದಿಂದ ಲಾತೂರಿಗೆ ರೈಲಿನಲ್ಲಿ ನೀರು ಹೋಗುತ್ತಿದ್ದ ದಿನಗಳು. ಕೈಯಲ್ಲಿ ಕಾಸಿಲ್ಲ, ಸಿನಿಮಾಗೆ ಯಾರು ಬರುತ್ತಾರೆ ಅನ್ನಬೇಕು. ಆದರೆ ಮೊದಲ ಮೂರು ದಿನಕ್ಕೆ ಸುಮಾರು 12 ಕೋಟಿ, ಕೊನೆಗೆ ಸುಮಾರು 110 ಕೋಟಿ ಎಂದು ಪತ್ರಿಕೆಗಳು ಬರೆದವು. (ನೆನಪಿರಲಿ, ಇವು ಆಡಿಟ್ ಆದ ಅಂಕಿಗಳಲ್ಲ.) ಮೊದಲ ವಾರಾಂತ್ಯದ ಒಂಬತ್ತು ಪಟ್ಟು! ನಮ್ಮ ಧಂದೆಯಲ್ಲಿ ಮೂರು ಪಟ್ಟು ಬಂದರೆ ಖುಷಿಪಡುತ್ತೇವೆ.

ಅದೇ ಕಥೆಯನ್ನು 2018ರಲ್ಲಿ ಹಿಂದಿಗೆ ತಂದರು, ‘ಧಡಕ್’. ಶ್ರೀದೇವಿಯವರ ಮಗಳು ಜಾಹ್ನವಿಯ ಮೊದಲ ಸಿನಿಮಾ, ದೊಡ್ಡ ಬ್ಯಾನರ್, ಭಾರಿ ಪ್ರಚಾರ. ಮೊದಲ ವಾರಾಂತ್ಯಕ್ಕೆ ಸುಮಾರು 33 ಕೋಟಿ ನೆಟ್, ಒಟ್ಟು 74 ಕೋಟಿ ಆಸುಪಾಸು. ಎರಡೂಕಾಲು ಪಟ್ಟು. ಇದು ಸೋತ ಸಿನಿಮಾ ಅಲ್ಲ, ಹೆಚ್ಚಿನದನ್ನು ಮೊದಲೇ ದುಡಿದ ಸಿನಿಮಾ. ಪಾಲಿನ ಲೆಕ್ಕದಲ್ಲಿ ನಿರ್ಮಾಪಕರಿಗೆ ಇದೇ ವಾಸಿ. ಮೂರನೇ ವಾರದ ಖಾಲಿ ಕುರ್ಚಿ ಮಾತ್ರ ಥೇಟರ್‌ನವರ ಪಾಲಿಗೆ.

ಒಂಬತ್ತು ಪಟ್ಟು ಹೇಗೆ ಬಂತು? ‘ಝಿಂಗಾಟ್’ ಹಾಡು ಎಂದು ಎಲ್ಲರೂ ಹೇಳುತ್ತಾರೆ. ಸರಿ, ಅಜಯ್-ಅತುಲ್ ಹಾಡಿಗೆ ಜನ ಕುರ್ಚಿ ಬಿಟ್ಟು ಎದ್ದು ಕುಣಿದದ್ದು ನಿಜ. ಆದರೆ ಹಾಡು ಜನರನ್ನು ಒಂದು ಸಲ ಕರೆತರುತ್ತದೆ, ಅಷ್ಟೇ. ನನ್ನ ಲೆಕ್ಕದಲ್ಲಿ ಕೆಲಸ ಮಾಡಿದ್ದು ಕೊನೆಯ ದೃಶ್ಯ. ಜಾತಿ ಮೀರಿ ಮದುವೆಯಾದ ಜೋಡಿಯನ್ನು ಕೊಂದ ಮೇಲೆ ಹಿನ್ನೆಲೆ ಸಂಗೀತವೂ ಇಲ್ಲ. ಅದನ್ನು ನೋಡಿದವರು ಸುಮ್ನೆ ಮನೆಗೆ ಹೋಗಲಿಲ್ಲ. ಜಗಳ ಆಡಿದರು, ಇದು ನಮ್ಮೂರಲ್ಲೇ ಆಗುತ್ತದೆ ಅಂದರು, ಇನ್ನೊಬ್ಬರನ್ನು ಕರೆದುಕೊಂಡು ಮತ್ತೆ ಬಂದರು. ಮೇ ತಿಂಗಳ ಶಾಲೆ ರಜೆಯೂ ಕೈ ಹಿಡಿಯಿತು.

2017ರಲ್ಲಿ ಕನ್ನಡಕ್ಕೂ ಬಂತು, ‘ಮನಸು ಮಲ್ಲಿಗೆ’. ನಿರ್ದೇಶನ ಎಸ್. ನಾರಾಯಣ್ ಅವರದು, ನಾಯಕಿ ಅದೇ ರಿಂಕು. ಮೂಲದ ಮಟ್ಟಕ್ಕೆ ಓಡಲಿಲ್ಲ. ಇತ್ತ ಅಕ್ಕಲಕೋಟೆ, ಜತ್ತದ ಕಡೆಯ ಕನ್ನಡಿಗರು ಅಷ್ಟರಲ್ಲಿ ಮರಾಠಿಯಲ್ಲೇ ನೋಡಿ ಮುಗಿಸಿದ್ದರು. ನಮ್ಮಂಥ ಗಡಿ ಊರುಗಳಿಗೆ ರೀಮೇಕ್ ತಂದು ಮಾರುವುದು ಯಾವಾಗಲೂ ಕಷ್ಟ, ಇಲ್ಲಿನವರು ಎರಡೂ ಭಾಷೆಯ ಗಿರಾಕಿಗಳು.