ಜಿಂಕೆ ಬೇಟೆಗೆ ಹೆಗಲಿಗೆ ಜೋರು ಒದೆಯದ ತೋಟೆ ಯಾವ್ದು?

ಕಾರ್ಕಳ ಕಡೆಯ ಓದುಗರೊಬ್ರ ಪ್ರಶ್ನೆ: "ನನ್ನ ತಂಗಿ ಮಗಳು ಮದುವೆ ಆಗಿ ಟೆಕ್ಸಾಸಲ್ಲಿ ಇದ್ದಾಳೆ, ಗ್ರೀನ್ ಕಾರ್ಡ್ ಉಂಟು. ಗಂಡನ ಫ್ರೆಂಡ್ಸೆಲ್ಲ ವರ್ಷ ವರ್ಷ ಜಿಂಕೆ ಬೇಟೆಗೆ ಹೋಗ್ತಾರೆ, ಇವಳಿಗೂ ಹೋಗ್ಬೇಕಂತ ಆಸೆ. ಆದ್ರೆ ಗಂಡನ .30-06 ರೈಫಲಲ್ಲಿ ನಾಲ್ಕು ಈಡು ಹೊಡೆದದ್ದಕ್ಕೇ ಹೆಗಲು ನೀಲಿ ಆಯ್ತಂತೆ, ಈಗ ಕೋವಿ ಮುಟ್ಲಿಕ್ಕೇ ಹೆದರ್ತಾಳೆ. ಸಣ್ಣ ಜೀವ ಅವಳದ್ದು. ಒದೆತ ಕಮ್ಮಿ ಇದ್ದು ಜಿಂಕೆಗೂ ಸಾಕಾಗುವ ತೋಟೆ ಯಾವ್ದು?"

ಉತ್ತರ ಮೊದ್ಲೇ ಹೇಳಿ ಬಿಡ್ತೇನೆ. .243 ವಿಂಚೆಸ್ಟರ್, ಅದ್ರಲ್ಲಿ 95 ಅಥವಾ 100 ಗ್ರೇನಿನ (ಗ್ರೇನ್ ಅಂದ್ರೆ ಬುಲೆಟ್ ತೂಕದ ಅಳತೆ) ಬೇಟೆಯ ಬುಲೆಟ್, ಮತ್ತೆ ಸ್ಕೋಪ್ ಸೇರಿ ಏಳೂವರೆ ಪೌಂಡಿಗೆ ಕಮ್ಮಿ ಇಲ್ಲದ, ಅವಳ ಕೈಯಳತೆಗೆ ಸರಿಯಾದ ರೈಫಲ್.

ವಿವರಕ್ಕೆ ಹೋಗುವ ಮೊದ್ಲು ಒಂದು ಮಾತು. ಇದೆಲ್ಲ ಅಲ್ಲಿಯ ಲೆಕ್ಕ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಡವೆ, ಚುಕ್ಕೆ ಜಿಂಕೆ, ಕಾಡುಕುರಿ ಯಾವುದನ್ನೂ ಹೊಡೆಯುವ ಹಾಗಿಲ್ಲ, ತೋಟದ ಬೆಳೆ ಕಾಯ್ಲಿಕ್ಕೆ ಕೋವಿ ಲೈಸೆನ್ಸ್ ಉಂಟು ಅಂತ ಹೇಳಿ ಸೋಮೇಶ್ವರ, ಮೂಕಾಂಬಿಕಾ ಅಭಯಾರಣ್ಯದ ಬದಿಯಲ್ಲಿ ಕಡವೆ ಹೊಡೆದ್ರೆ ಜೈಲೇ. ಟೆಕ್ಸಾಸಲ್ಲಿ ಸೀಸನ್ ಉಂಟು, ಲೈಸೆನ್ಸ್ ಉಂಟು, 1971 ಸೆಪ್ಟೆಂಬರ್ 2ಕ್ಕೆ ಅಥವಾ ಅದ್ರ ನಂತ್ರ ಹುಟ್ಟಿದವ್ರಿಗೆ ಹಂಟರ್ ಎಜುಕೇಶನ್ ಕೋರ್ಸಿನ ನಿಯಮ ಉಂಟು. ಗ್ರೀನ್ ಕಾರ್ಡ್ ಇರುವ ಕಾರಣ ನಿಮ್ಮ ಹುಡುಗಿಗೆ ವೀಸಾದ ತಕರಾರು ಬರುದಿಲ್ಲ, ಆದ್ರೆ ಎಚ್-1ಬಿ ಅಥವಾ ಸ್ಟೂಡೆಂಟ್ ವೀಸಾದಲ್ಲಿ ಇರುವ ನಮ್ಮ ಮಕ್ಕಳು ಸಾಮಾನ್ಯವಾಗಿ ಹಂಟಿಂಗ್ ಲೈಸೆನ್ಸ್ ಮಾಡಿಸದೆ ಕೋವಿಯಾಗ್ಲಿ ತೋಟೆಯಾಗ್ಲಿ ಇಟ್ಟುಕೊಳ್ಳುವ ಹಾಗಿಲ್ಲ, ಅದು ಅಲ್ಲಿಯ ಫೆಡರಲ್ ಕಾನೂನು. ಎಷ್ಟೋ ಜನರಿಗೆ ಇದು ಗೊತ್ತೇ ಇರುದಿಲ್ಲ.

ಈಗ ಒದೆತದ ವಿಷಯ. ಬುಲೆಟ್ ಎಷ್ಟು ಭಾರ, ಎಷ್ಟು ಸ್ಪೀಡಲ್ಲಿ ಹೋಗ್ತದೆ, ಅದ್ರ ಹಿಂದೆ ಎಷ್ಟು ಮದ್ದು ಉರೀತದೆ, ಇದೆಲ್ಲ ಸೇರಿ ಕೋವಿಯನ್ನು ಹಿಂದೆ ತಳ್ತದೆ, ಕೋವಿ ಭಾರ ಇದ್ದಷ್ಟು ಆ ತಳ್ಳುವಿಕೆ ನಿಧಾನ ಆಗ್ತದೆ. ಏಳೂವರೆ ಪೌಂಡಿನ ರೈಫಲಲ್ಲಿ ಅಂದಾಜು ಲೆಕ್ಕ ಹಾಕಿದ್ರೆ .30-06ರ 180 ಗ್ರೇನ್ ತೋಟೆ 23 ಅಡಿ-ಪೌಂಡ್ (ಶಕ್ತಿಯ ಅಳತೆ) ಹತ್ರ ಒದೀತದೆ, .308 ಆದ್ರೆ 16-17, 7ಎಂಎಂ-08 ಮತ್ತೆ 6.5 ಕ್ರೀಡ್‌ಮೋರ್ 13ರಿಂದ 15ರ ಒಳಗೆ, .243 ಬರೀ 9-10. ನಮ್ಮೂರಲ್ಲಿ 12 ಬೋರ್ ಹೊಡೆದು ಗೊತ್ತಿದ್ದವ್ರಿಗೆ ಒಂದು ಅಂದಾಜು ಸಿಗ್ಲಿ ಅಂತ ಹೇಳುದು, ಆ .30-06ರ ಒದೆತ ಹೆಚ್ಚುಕಮ್ಮಿ 12 ಬೋರಿನದ್ದೇ, ಅಂದ್ರೆ .243ರಲ್ಲಿ ಅದ್ರ ಅರ್ಧಕ್ಕಿಂತಲೂ ಕಮ್ಮಿ.

ಆದ್ರೆ ಅದೇ .243ನ್ನು ಆರು ಪೌಂಡಿನ ಹಗುರ ರೈಫಲಿಗೆ ಹಾಕಿದ್ರೆ 12 ದಾಟ್ತದೆ. ಇಲ್ಲೇ ಅಂಗಡಿಯವ್ರು ತಪ್ಪು ದಾರಿ ತೋರಿಸುದು. ಹೆಂಗಸರು ಬಂದ್ರು, ಸಣ್ಣ ಜೀವ, ಹಗುರದ್ದು ಕೊಡುವ ಅಂತ. ಹೊರ್ಲಿಕ್ಕೆ ಸುಲಭ ಸರಿ, ಆದ್ರೆ ಟೆಕ್ಸಾಸಲ್ಲಿ ಹೆಚ್ಚಿನವ್ರು ಬ್ಲೈಂಡಲ್ಲಿ, ಅಂದ್ರೆ ಮರೆಯ ಗುಡಿಸಲಲ್ಲಿ, ಕೂತು ಕಾಯುದು, ಗುಡ್ಡೆ ಹತ್ತಿ ಇಳಿಯುವ ಕೆಲ್ಸ ಅಲ್ಲ, ಹಾಗಾಗಿ ಒಂದೂವರೆ ಪೌಂಡ್ ಜಾಸ್ತಿ ಇದ್ರೆ ಅವಳಿಗೆ ಲಾಭವೇ.

"ಸಣ್ಣ ತೋಟೆಯಲ್ಲಿ ಜಿಂಕೆ ಬೀಳ್ತದಾ" ಅಂತ ನಿಮ್ಮ ಅಳಿಯ ಕೇಳ್ಬಹುದು. ಬೀಳ್ತದೆ. .243 ಬಂದದ್ದು 1955ರಲ್ಲಿ, .308ರ ಕೇಸಿನ (ಮದ್ದು ತುಂಬುವ ಹಿತ್ತಾಳೆ ಕೊಳವೆಯ) ಕುತ್ತಿಗೆ ಸಣ್ಣ ಮಾಡಿ 6 ಎಂಎಂ ಬುಲೆಟ್ ಕೂರಿಸಿದ್ದು, ಅಂದಿನಿಂದ ಇಂದಿನವರೆಗೆ ಅದ್ರಲ್ಲಿ ಜಿಂಕೆ ಹೊಡೀತಾ ಬಂದಿದ್ದಾರೆ. 100 ಗ್ರೇನ್ ಬುಲೆಟ್ ಸೆಕೆಂಡಿಗೆ 2960 ಅಡಿ ವೇಗದಲ್ಲಿ ಹೊರಡ್ತದೆ, ಶಕ್ತಿ 1900 ಅಡಿ-ಪೌಂಡಿಗೆ ಮೇಲೆ. ಇಂಗ್ಲೆಂಡಿನ ಕಾನೂನು ದೊಡ್ಡ ಜಿಂಕೆಗಳಿಗೆ ಕೇಳುದು .240 ಇಂಚು ಮತ್ತೆ 1700 ಅಡಿ-ಪೌಂಡ್, ಕೊಲರಾಡೊ ಕೇಳುದು ಕಮ್ಮಿ ಅಂದ್ರೆ 6 ಎಂಎಂ, ಅಂದ್ರೆ ಎರಡೂ ಕಡೆ .243 ಪಾಸ್. ಟೆಕ್ಸಾಸಲ್ಲಿ ಬಿಳಿಬಾಲದ ಜಿಂಕೆಗೆ ರಿಮ್‌ಫೈರ್ (ತಳದ ಅಂಚಿಗೆ ಬಡಿದು ಹೊತ್ತಿಸುವ ತೋಟೆ) ಆಗುದಿಲ್ಲ, ಸೆಂಟರ್‌ಫೈರ್ (ತಳದ ನಡುವಿಗೆ ಬಡಿದು ಹೊತ್ತಿಸುವುದು) ಬೇಕು ಅಷ್ಟೆ. ಹಾಗಾಗಿ .223 ಕೂಡ ಅಲ್ಲಿ ಕಾನೂನುಬದ್ಧ, ಒದೆತ ಇನ್ನೂ ಕಮ್ಮಿ, ಆದ್ರೂ ಹೊಸಬರಿಗೆ ನಾನು ಅದನ್ನು ಹೇಳುದೇ ಇಲ್ಲ, ಗುರಿ ಸ್ವಲ್ಪ ಆಚೀಚೆ ಆದ್ರೆ ಗಾಯ ಆಗಿ ಓಡಿ ಹೋಗ್ತದೆ, ಆ ಪ್ರಾಣಿ ಎಲ್ಲೋ ಪೊದೆಯಲ್ಲಿ ನರಳಿ ಸಾಯುದು ಯಾರಿಗೂ ಬೇಡ.

ಅದೇ ಕಾರಣಕ್ಕೆ ದೊಡ್ಡ ತೋಟೆಯೂ ಹೆದರುವವರ ಕೈಯಲ್ಲಿ ಬೇಡ ಅಂತ ನಾನು ಹೇಳುದು. ಒದೆತಕ್ಕೆ ಹೆದರಿದವ್ರು ಕುದುರೆ (ಟ್ರಿಗರ್) ಎಳೆಯುವ ಮೊದ್ಲೇ ಕಣ್ಣು ಮುಚ್ತಾರೆ, ಹೆಗಲು ಮುಂದೆ ತಳ್ತಾರೆ, ಈಡು ಕೆಳಗೆ ಹೋಗ್ತದೆ, ಎದೆಗೆ ಬೀಳ್ಬೇಕಾದ್ದು ಕಾಲಿಗೋ ಹೊಟ್ಟೆಗೋ ಬೀಳ್ತದೆ. ಜಿಂಕೆಯನ್ನು ಕೊಲ್ಲುದು ಮುಂಗಾಲಿನ ಹಿಂದೆ ಇರುವ ಶ್ವಾಸಕೋಶ ಮತ್ತೆ ಹೃದಯಕ್ಕೆ ಬಿದ್ದ ಬುಲೆಟ್, ತೋಟೆಯ ಹೆಸ್ರಲ್ಲ.

ಬುಲೆಟ್ ತಗೊಳ್ಳುವಾಗ ಮಾತ್ರ ಜಾಗ್ರತೆ. .243ರಲ್ಲಿ 55, 58 ಗ್ರೇನಿನ ಹಗುರ ಬುಲೆಟ್ ಕೂಡ ಬರ್ತದೆ, ಅದು ಸಣ್ಣ ಪ್ರಾಣಿಗಳಿಗೆ, ಜಿಂಕೆಗೆ ಬಡಿದ್ರೆ ಮೇಲ್ಮೈಯಲ್ಲೇ ಒಡೆದು ಪುಡಿ ಆಗ್ಬಹುದು. ಬಾಕ್ಸಲ್ಲಿ 95 ಅಥವಾ 100 ಗ್ರೇನ್, ಸಾಫ್ಟ್ ಪಾಯಿಂಟ್ ಅಥವಾ ಬಾಂಡೆಡ್ ಅಂತ ಇರ್ಬೇಕು, ಪೂರ್ತಿ ತಾಮ್ರದ್ದಾದ್ರೆ 80-85 ಗ್ರೇನ್ ಕೂಡ ನಡೀತದೆ. ಮತ್ತೆ ಅವಳು 200 ಗಜದ ಒಳಗೆ, ಜಿಂಕೆ ಪೂರ್ತಿ ಅಡ್ಡ ನಿಂತಾಗ ಮಾತ್ರ ಹೊಡೀಬೇಕು. ಎದುರಿಂದ ಬರುವಾಗ, ಹಿಂದಿನಿಂದ ಓರೆಯಾಗಿ ಕಾಣುವಾಗ ಬಿಟ್ಟುಬಿಡ್ಲಿ.

ಬೇರೆ ದಾರಿ ಇಲ್ವಾ ಅಂದ್ರೆ ಉಂಟು. ಹೊಸ ರೈಫಲಿಗೆ ದುಡ್ಡು ಹಾಕುವ ಮೊದ್ಲು ಆ .30-06ಗೇ ಒದೆತ ಕಮ್ಮಿ ಮಾಡಿದ ತೋಟೆ ಹುಡುಕಿ ನೋಡ್ಬಹುದು, ಹಾರ್ನಡಿಯ ಕಸ್ಟಮ್ ಲೈಟ್ ಅಂತ 125 ಗ್ರೇನಿನದ್ದು ಬರ್ತದೆ, ಒದೆತ ಸುಮಾರು ಅರ್ಧಕ್ಕೆ ಇಳೀತದೆ. ಆದ್ರೆ ಅವನ ರೈಫಲಿನ ಹಿಡಿ ಅವಳಿಗೆ ಉದ್ದ ಆಗ್ತಿದ್ರೆ ಇದ್ರಿಂದ ಪೂರ್ತಿ ಪರಿಹಾರ ಸಿಗುದಿಲ್ಲ. ದೊಡ್ಡವರ ರೈಫಲಲ್ಲಿ ಕುದುರೆಯಿಂದ ಹಿಂದಿನ ತುದಿಗೆ 13 ಮುಕ್ಕಾಲು ಇಂಚಿನ ಹತ್ರ ಇರ್ತದೆ, ಕಾಂಪ್ಯಾಕ್ಟ್ ಮಾಡೆಲಲ್ಲಿ 12 ಮುಕ್ಕಾಲು ಅಥವಾ ಇನ್ನೂ ಕಮ್ಮಿ. ಉದ್ದ ಆದ್ರೆ ಹೆಗಲಿನ ಸರಿ ಜಾಗದಲ್ಲಿ ಕೂರುದಿಲ್ಲ, ತೋಳಿನ ಎಲುಬಿಗೆ ಹೊಡೀತದೆ, ಕುತ್ತಿಗೆ ಮುಂದೆ ಚಾಚಿ ಸ್ಕೋಪಿಗೆ ಕಣ್ಣು ಹತ್ರ ತಂದು ಹುಬ್ಬು ಕೊಯ್ದುಕೊಳ್ಳುದೂ ಉಂಟು. ಹೆಗಲು ನೀಲಿ ಆದದ್ದಕ್ಕೆ ಅರ್ಧ ಕಾರಣ ಇದೇ ಇರ್ಬಹುದು ಅಂತ ನನಗೆ ಅನ್ನಿಸ್ತದೆ.

ಮುಂದೆ ದೂರದ ಗುರಿಯೂ ಬೇಕು, ದೊಡ್ಡ ಪ್ರಾಣಿಗೂ ಆಗ್ಬೇಕು ಅಂದ್ರೆ 6.5 ಕ್ರೀಡ್‌ಮೋರ್ ಒಳ್ಳೆಯದು. ಓಹಾಯೊ ತರದ ಕಡೆಗೆ ಮನೆ ಬದಲಾಯಿಸಿದ್ರೆ ಮಾತ್ರ ಲೆಕ್ಕ ಬೇರೆ, ಅಲ್ಲಿ ಜಿಂಕೆಗೆ ರೈಫಲ್ ಆದ್ರೆ ನೇರ ಗೋಡೆಯ, ಅಂದ್ರೆ ಕುತ್ತಿಗೆ ಸಣ್ಣ ಮಾಡದ, ಕೇಸಿನ ತೋಟೆಯೇ ಬೇಕು, ಅದಕ್ಕೆ 2019ರಲ್ಲಿ ಬಂದ .350 ಲೆಜೆಂಡ್ ಉಂಟು, ಒದೆತ .243ರಷ್ಟೇ. ನಳಿಗೆಯ ತುದಿಗೆ ಹೊಗೆಗಾಳಿ ಬದಿಗೆ ಬಿಡುವ ಮಜಲ್ ಬ್ರೇಕ್ ಹಾಕಿಸಿದ್ರೆ ಒದೆತ ಇಳೀತದೆ ಆದ್ರೆ ಶಬ್ದ ಭಯಂಕರ ಆಗ್ತದೆ, ಹೆದರಿದವ್ರಿಗೆ ಶಬ್ದವೂ ಒದೆತವೇ, ಹಾಗಾಗಿ ಬೇಡ. ಕಿವಿಗೆ ಪ್ಲಗ್, ಅದ್ರ ಮೇಲೆ ಮಫ್ ಎರಡೂ ಹಾಕ್ಲಿ.

ಶುರು ಮಾಡುವಾಗ .22 ರಿಮ್‌ಫೈರಲ್ಲೇ ಮಾಡ್ಲಿ, ಅದ್ರಲ್ಲಿ ಒದೆತವೇ ಇಲ್ಲ. ಕೈ ಕೂತ ಮೇಲೆ .243, ಒಂದು ಸಲಕ್ಕೆ ಹತ್ತು ಈಡು ಸಾಕು, ಹೆಗಲು ನೋಯ್ಲಿಕ್ಕೆ ಶುರು ಆದ ಕೂಡ್ಲೇ ನಿಲ್ಲಿಸ್ಬೇಕು. ಮಧ್ಯೆ ಮಧ್ಯೆ ಅಳಿಯ ಅವಳಿಗೆ ಹೇಳದೆ ಒಂದು ಮದ್ದಿಲ್ಲದ ಡಮ್ಮಿ ತೋಟೆ ತುಂಬಿಸಿ ಕೊಡ್ಲಿ. ಕುದುರೆ ಎಳೆದಾಗ ಟಕ್ ಅಂತ ಮಾತ್ರ ಕೇಳಿ ನಳಿಗೆ ಅಲ್ಲಾಡದೆ ನಿಂತ್ರೆ ಹೆದರಿಕೆ ಬಿಟ್ಟಿದೆ ಅಂತ ಲೆಕ್ಕ, ನಳಿಗೆ ಕೆಳಗೆ ಕುಸಿದ್ರೆ ಮತ್ತೆ .22ಗೆ ಹೋಗ್ಲಿ, ಆ ವರ್ಷದ ಸೀಸನ್ ತಪ್ಪಿದ್ರೂ ಅಡ್ಡಿ ಇಲ್ಲ.